ಹೆಸರಿಡುವ ಮನೆಯಲ್ಲಿ ಊದಿದ ಸೀಟಿ

ಶಕುನ, ದೆವ್ವ, ಮೈಮೇಲೆ ಬರುವುದು, ಎಲ್ಲೋ ಆದದ್ದು ಇಲ್ಲಿ ತಿಳಿಯುವುದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಾನು ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ ಹೇಳಿದವನು. ಹೇಳಿ ಸುಮ್ಮನಾದವನೂ ಅಲ್ಲ. ಕಾಲುವೆಯ ಗೇಟಿನ ಹತ್ತಿರ ಹೆಣ್ಣೊಂದು ಅಳುತ್ತದೆ ಎಂದು ಸಣ್ಣವರನ್ನು ಅಂಜಿಸಿದ ದೊಡ್ಡ ಹುಡುಗರನ್ನು ಅದೇ ಗೇಟಿನವರೆಗೆ ಓಡಿಸಿ, ತಿರುಗಿ ಬಂದಾಗ "ಸಿಕ್ಕಳೇನಲೇ ಅಳಾಕಿ?" ಎಂದು ಕೇಳಿ, ಮತ್ತೊಮ್ಮೆ ಓಡಿಸಿದ್ದೇನೆ. ಈಗ ಬರೆಯುವುದನ್ನು ಓದಿ ಆ ಹುಡುಗರಲ್ಲಿ ಯಾರಾದರೂ ನಕ್ಕರೆ ನಗಲಿ.

ನಾನು ದೈಹಿಕ ಶಿಕ್ಷಕನಾಗಿದ್ದವನು. ತಿರ್ಲಾಪುರದ ಹತ್ತಿರದ ಒಂದು ಹಳ್ಳಿಯಲ್ಲಿ ನಿವೃತ್ತನಾಗಿ ಅಲ್ಲೇ ಉಳಿದಿದ್ದೇನೆ. ನಸುಕಿನ ನಾಲ್ಕೂಮುಕ್ಕಾಲಿಗೆ ಏಳುವುದು, ಐದೂಕಾಲಿಗೆ ಕಾಲುವೆಯ ದಂಡೆ ಹಿಡಿದು ನಡೆಯುವುದು, ಎಂಟಕ್ಕೆ ರೊಟ್ಟಿ, ಒಂದಕ್ಕೆ ಊಟ, ಒಂಬತ್ತಕ್ಕೆ ದೀಪ ಆರಿಸುವುದು. ಇದು ತಪ್ಪಿಲ್ಲ. ಅಂಗಿಯ ಜೇಬಿನ ಸೀಟಿಯೂ ತಪ್ಪಿಲ್ಲ. ಕೆಲವರ ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ ಇರುವ ಹಾಗೆ ನನಗೆ ಅದು. ಒಳಗಿನ ಬೆಂಡಿನ ಕಾಳು ಸವೆದು ಅದರ ದನಿ ಒಡೆದಿದೆ. ಮೊದಲು ಅರಿವೆ ಸೀಳಿದಂತೆ ಕೇಳಿ ಆಮೇಲೆ ಒಂದೇ ಎಳೆಗೆ ಹತ್ತುತ್ತದೆ.

ನಮ್ಮ ಕಡೆ ಬಾವಿ ತೋಡಿದರೆ ಸವಳು ನೀರು. ಕುಡಿಯುವುದಕ್ಕೆ ಊರ ಕೆರೆಯೇ ಗತಿ. ಆ ಕೆರೆಗೆ ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ, ಕಾಲು ತೊಳೆಯುವಂತಿಲ್ಲ. ಈಜಿದರೆ ಪಂಚರು ಮನೆಗೇ ಬಂದಾರು. ಹೀಗಾಗಿ ಕೆರೆಯ ದಂಡೆಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈಜು ಬರುವುದಿಲ್ಲ. ಹೊಲಕ್ಕೆಂದು ಕಾಲುವೆಗೆ ನೀರು ಬಿಟ್ಟ ವಾರ ಯಾರಾದರೂ ಒಬ್ಬರು ಜಾರಿ ಬೀಳುವುದು ಪ್ರತಿ ವರ್ಷದ ಮಾತಾಗಿತ್ತು. ನಾನು ಆ ನೀರಿನಲ್ಲೇ ಈಜು ಕಲಿಸತೊಡಗಿದೆ. ಬೆನ್ನಿಗೆ ಖಾಲಿ ಎಣ್ಣೆಯ ಕ್ಯಾನು, ಸೊಂಟಕ್ಕೆ ಹಗ್ಗ, ದಂಡೆಯ ಮೇಲೆ ನಾನು.

ಒಂದು ನಿಯಮ ಮಾಡಿದ್ದೆ. ಮೇಲಿನ ಗೇಟು ಆಡಿಸಿದಾಗ ಕಾಲುವೆಯ ನೀರು ತಟ್ಟನೆ ಗೇಣುದ್ದ ಇಳಿಯುತ್ತದೆ. ಕಾಲುವೆಯ ಕಲ್ಲಿನ ಮೇಲೆ ಹಸಿ ಗೆರೆಯೊಂದು ಕಾಣುತ್ತದೆ. ಆಮೇಲೆ ನೀರು ಒಮ್ಮೆಲೇ ನುಗ್ಗುತ್ತದೆ. ಆ ಹಸಿ ಗೆರೆ ಕಂಡ ಕೂಡಲೇ ನಾನು ಒಂದು ಉದ್ದ ಸೀಟಿ ಊದುತ್ತಿದ್ದೆ. ಸೀಟಿ ಕೇಳಿದರೆ ಯಾರು ಎಲ್ಲಿದ್ದರೂ ದಂಡೆಗೆ ಬರಬೇಕು. ಕಾರಣ ಕೇಳುವಂತಿಲ್ಲ, ಗೆಳೆಯನನ್ನು ಕೂಗುವಂತಿಲ್ಲ, ಹಿಂದಿರುಗಿ ನೋಡುವಂತಿಲ್ಲ. ಮೊದಲ ವರ್ಷ ಅಣ್ಣನೊಬ್ಬ ತಮ್ಮನನ್ನು ನೋಡಲು ತಿರುಗಿ, ತಮ್ಮ ಅವನ ಕೊರಳಿಗೆ ಜೋತುಬಿದ್ದು, ಇಬ್ಬರನ್ನೂ ಎಳೆದು ಹಾಕುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. "ನಿಮ್ಮ ನಿಮ್ಮ ಮೈ ನೀವು ದಂಡಿಗಿ ತರ್ರಿ. ಉಳದವ್ರನ್ನ ನೋಡಾಕ ನಾ ಅದೀನಿ" ಎಂದು ಪ್ರತಿದಿನ ಹೇಳಿಸಿ, ಹೇಳಿಸಿ, ಅವರ ಬಾಯಿಗೆ ಬರುವಂತೆ ಮಾಡಿದ್ದೆ.

ಹಾಗೆ ಕಲಿತವರಲ್ಲಿ ಪವಿತ್ರಾ ಒಬ್ಬಳು. ನೆರೆಮನೆಯ ನೀಲವ್ವನ ಮಗಳು. ಒಂಬತ್ತು ವರ್ಷದ ಹುಡುಗಿ. ಹೆಣ್ಣು ಹುಡುಗಿಯನ್ನು ಕಾಲುವೆಗೆ ಇಳಿಸುತ್ತಾರೆಂದು ಊರವರು ನನ್ನ ಮೇಲೆ ಸಿಟ್ಟಾದರು. ನನ್ನ ಹೆಂಡತಿ ತಾನೂ ದಂಡೆಗೆ ಬಂದು ಕುಳಿತುಕೊಳ್ಳತೊಡಗಿದ ಮೇಲೆ ತಣ್ಣಗಾದರು. ಮೂರನೆಯ ದಿನ ಪವಿತ್ರಾ ಕ್ಯಾನು ಬಿಚ್ಚಿ ಕೊಟ್ಟಳು. ಆರು ವರ್ಷದಲ್ಲಿ ಜಿಲ್ಲೆ ದಾಟಿದಳು, ಕೃಷಿ ಪದವಿ ಓದುತ್ತ ರಾಜ್ಯಮಟ್ಟಕ್ಕೆ ಹೋದಳು. ಆಮೇಲೆ ಸವಳು ಮಣ್ಣಿನ ವಿಷಯವಾಗಿ ಹೆಚ್ಚಿನ ಓದಿಗೆ ಹಂಗೇರಿ ದೇಶದ ವಿದ್ಯಾರ್ಥಿವೇತನ ಸಿಕ್ಕಿತು. ಅಲ್ಲಿಯ ಕಾಲೇಜಿನ ಈಜು ತಂಡಕ್ಕೂ ಆರಿಸಿದರು. ಕೈಯಲ್ಲಿ ಎರಡು ಡಬ್ಬಿ ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಿಡಿದು ಹೋದಳು.

ಅಲ್ಲಿಂದ ಪ್ರತಿ ರವಿವಾರ ಮುಂಜಾನೆ ನನ್ನ ಫೋನಿಗೆ ಅವಳ ಧ್ವನಿಮುದ್ರಿತ ಮಾತು ಬರುತ್ತಿತ್ತು. ವಾರದ ವರದಿ. ಇಷ್ಟು ದೂರ, ಇಷ್ಟು ನಿಮಿಷ. ನಾನು ಅದನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆದರೆ ಅವಳ ವರದಿ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ.

"ದಿನಾ ಐದಕ್ಕ ಏಳತೀನ್ರಿ ಸರ್. ಹೊರಗ ಹಿಮಾ ಬಿದ್ದೈತಿ. ಟ್ರಾಮಿನ್ಯಾಗ ನಾನು, ಡ್ರೈವರ್ ಇಬ್ಬರ. ನೀರಿಗಿ ಇಳದಮ್ಯಾಲೇ ಬೆಚ್ಚಗ ಅನಸೂದು. ಕೂದಲಾ ಅಗದಿ ಕಸಬರಗಿ ಆಗ್ಯಾವ್ರಿ" ಎನ್ನುವಳು. ಏಳೂವರೆಗೆ ನೀರಿನಿಂದ ಎದ್ದು, ಬ್ರೆಡ್ಡಿನ ಮೇಲೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ಒದ್ದೆ ತಲೆಗೆ ಉಣ್ಣೆಯ ಟೊಪ್ಪಿಗೆ ಹಾಕಿ ಎಂಟರ ತರಗತಿಗೆ ಓಡುವುದು. ಸಂಜೆ ಮತ್ತೆ ಒಂದು ತಾಸು ನೀರು. ನೀರಿಗೆ ಇಳಿಯುವ ಮುಂಚೆ ನಮ್ಮೂರ ಕೆರೆಯಲ್ಲಿ ಮಾಡುವಂತೆ ಬೊಗಸೆ ನೀರು ಕಣ್ಣಿಗೆ ಒತ್ತಿಕೊಳ್ಳುವಳಂತೆ. ಅಲ್ಲಿಯವರು ಮೊದಲು ನಕ್ಕರು. ಆಮೇಲೆ ಅವಳ ತರಗತಿಯ ಎಸ್ತೆರ್ ಎಂಬ ಹುಡುಗಿ ತಾನೂ ಹಾಗೇ ಮಾಡತೊಡಗಿದಳು. ಎಸ್ತೆರ್ ಆ ದೇಶದವಳೇ, ಈಜು ಬಾರದವಳು. ಪವಿತ್ರಾ ಅವಳಿಗೆ ಕಲಿಸುತ್ತಿದ್ದಳು.

ಈ ದಿನಚರಿ ನನಗೆ ಒಪ್ಪಿಗೆಯಾಗಿತ್ತು. ಒಪ್ಪಿಗೆಯಾಗದ್ದು ಶನಿವಾರ, ರವಿವಾರದ ತಿರುಗಾಟ. ಎಸ್ತೆರಳ ಜೊತೆ ರೈಲು ಹತ್ತಿ ಒಮ್ಮೆ ಗುಹೆ, ಒಮ್ಮೆ ಬಿಸಿನೀರಿನ ಕುಂಡ, ಒಮ್ಮೆ ಗಡಿ ದಾಟಿ ಇನ್ನೊಂದು ದೇಶದ ಊರು. ಬೆಂಚಿನ ಮೇಲೆ ಕುಳಿತು ರೊಟ್ಟಿ ತಿನ್ನುವ ಚಿತ್ರಗಳು ಬರುತ್ತಿದ್ದವು. "ಮೈ ಆರಾಮ ತಗೊಳ್ಳೂ ದಿನಾ ಊರ ತಿರಗತಿಯಲ್ಲ, ನಿನಗ ಹೇಳವ್ರು ಕೇಳವ್ರು ಯಾರೂ ಇಲ್ಲೇನು?" ಎಂದು ನಾನು ಬೈದರೆ ಅವಳ ಉತ್ತರ ಸಿದ್ಧವಿತ್ತು: "ಸರ್, ಆ ಈಜೂ ಕೊಳದ ತಳದಾಗ ಒಂದ ಕರಿ ಗೀಟ ಐತ್ರಿ. ಆ ಗೀಟ ನೋಡ್ಕೋತ ಹೋಗೂದು, ಗ್ವಾಡಿ ಬಂತಂದ್ರ ಹೊಳ್ಳೂದು. ದಿನಾ ಐದ ಕಿಲೋಮೀಟರ್ ಹೋಗತೀನಿ, ಎಲ್ಲೂ ಹೋಗಿರಂಗಿಲ್ಲ ನೋಡ್ರಿ. ಅದಕ್ಕ ಶನಿವಾರ ರೈಲ ಹತ್ತತೀನಿ."

ಮಾತು ಚೆನ್ನಾಗಿತ್ತು. ಚೆನ್ನಾಗಿತ್ತೆಂದೇ ನನಗೆ ಇನ್ನಷ್ಟು ಸಿಟ್ಟು ಬಂದಿತ್ತು.

ಈಗ ಆ ರವಿವಾರಕ್ಕೆ ಬರುತ್ತೇನೆ. ನಾಲ್ಕು ವರ್ಷದ ಹಿಂದಿನ ಬೇಸಿಗೆ ಮುಗಿದು ಮುಂಗಾರು ಹಿಡಿದ ದಿನಗಳು. ಪವಿತ್ರಾಳ ಅಣ್ಣ ಬಸವರಾಜನ ಹೆಣ್ಣು ಕೂಸಿಗೆ ಹೆಸರಿಡುವ ಕಾರ್ಯ ಇತ್ತು. ಕಲಘಟಗಿಯಿಂದ ಬಣ್ಣದ ತೊಟ್ಟಿಲು ತರಿಸಿದ್ದರು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕಾದವಳು ಸೋದರತ್ತೆ, ತಂದೆಯ ತಂಗಿ. ಅವಳು ಬಗ್ಗಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಸೋದರತ್ತೆ ಹಂಗೇರಿಯಲ್ಲಿದ್ದಳು. ಫೋನನ್ನೇ ಕೂಸಿನ ಕಿವಿಗೆ ಹಿಡಿಯುವುದು, ಅವಳು ಅಲ್ಲಿಂದ ಹೆಸರು ಹೇಳುವುದು ಎಂದು ನಿಶ್ಚಯವಾಗಿತ್ತು. ನಮ್ಮ ಎರಡೂವರೆಗೆ ಅವಳೇ ಫೋನು ಮಾಡುವೆನೆಂದಿದ್ದಳು. ಅವಳಲ್ಲಿ ಆಗ ಮುಂಜಾನೆ ಹನ್ನೊಂದು; ಬೇಸಿಗೆಯಲ್ಲಿ ಆ ದೇಶಕ್ಕೂ ನಮಗೂ ಮೂರೂವರೆ ತಾಸಿನ ಅಂತರ.

ಎರಡೂವರೆ ಆಯಿತು. ಫೋನಿಲ್ಲ. ಬಸವರಾಜ ಎರಡು ಸಲ ಹಚ್ಚಿದ. ಗಂಟೆ ಹೊಡೆಯಿತು, ಎತ್ತಲಿಲ್ಲ. ಹೆಂಗಸರು ಚೇಷ್ಟೆಗೆ ಇಳಿದರು.

"ಸ್ವಾದರತ್ತಿ ಬೆನ್ನ ಅಲ್ಲೈತಿ, ನಮ್ಮ ಗುದ್ದ ಇಲ್ಲದಾವು. ಹೆಂಗ ಮಾಡೂದವಾ?"

"ಫೋನಿಗೇ ಗುದ್ದು."

"ಒಡದೀತ ತಗೀ, ಬಸಣ್ಣ ನಿನ್ನ ಬೆನ್ನ ಹುಡಿಕ್ಕೋಂತ ಬಂದಾನು."

ನಾನು ಪಡಸಾಲೆಯ ಗೋಡೆಗೆ ಹಾಕಿದ ಕುರ್ಚಿಯಲ್ಲಿ ಕುಳಿತಿದ್ದೆ. ಸಿಟ್ಟಾಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಮುಂದಿನ ವಾರ ಅವಳಿಗೆ ಕಾಲೇಜುಗಳ ನಡುವಿನ ಸ್ಪರ್ಧೆ ಇತ್ತು. ಎಲ್ಲಿಯೂ ಹೋಗಬೇಡ ಎಂದು ಹೇಳಿದ್ದೆ. ಶನಿವಾರವೇ ಎಸ್ತೆರಳ ಜೊತೆ ಡ್ಯಾನ್ಯೂಬ್ ನದಿಯ ದಂಡೆಯ ಒಂದು ಊರಿಗೆ ಹೋಗಿದ್ದಾಳೆಂದು ನೀಲವ್ವ ಆಗಷ್ಟೇ ಹೇಳಿದ್ದಳು. ಮಾತು ಮೀರಿದ್ದಲ್ಲದೆ ಹೊತ್ತೂ ಮೀರಿದ್ದಾಳೆ. ಎರಡೂವರೆ ಅಂದರೆ ಎರಡೂವರೆ. ಗೋಡೆಯ ಗಡಿಯಾರ ನೋಡಿದೆ: ಎರಡು ನಲವತ್ತೊಂದು.

ಗಡಿಯಾರದಿಂದ ಕಣ್ಣು ಕೆಳಗಿಳಿಸಿದಾಗ, ಎದುರಿನ ಗೋಡೆಯ ಬುಡದಲ್ಲಿ, ನೆಲದಿಂದ ಗೇಣೆತ್ತರಕ್ಕೆ, ಒಂದು ಹಸಿ ಗೆರೆ ಕಂಡಿತು. ಆ ಹೊತ್ತಿಗೆ ನನಗೆ ಅದು ಸೋಜಿಗವೆನಿಸಲಿಲ್ಲ. ನೀರು ಇಳಿಯಿತು ಎಂದಷ್ಟೇ ಅನಿಸಿತು. ಅದರ ಮುಂದಿನದು ನನಗೆ ಗೊತ್ತಿಲ್ಲ. ಸೀಟಿಯನ್ನು ಜೇಬಿನಿಂದ ತೆಗೆದದ್ದು, ಬಾಯಿಗೆ ಇಟ್ಟದ್ದು, ಊದಿದ್ದು, ಯಾವುದೂ ನೆನಪಿನಲ್ಲಿಲ್ಲ. ಕೂಸು ಚೀರಿದ್ದು ನೆನಪಿದೆ. ಎಲ್ಲ ಮುಖಗಳೂ ನನ್ನ ಕಡೆ ತಿರುಗಿದ್ದು ನೆನಪಿದೆ.

"ಸರ್, ಏನ್ರಿ ಇದು?" ನೀಲವ್ವ ಕೂಸನ್ನು ಎದೆಗೆ ಅವಚಿಕೊಂಡು ಕೇಳಿದಳು. "ಹೆಸರಿಡೂ ಹೊತ್ತಿನ್ಯಾಗ ಪೊಲೀಸರಗತೆ ಸೀಟಿ ಊದೂದ್ರಿ? ಕೂಸಿನ ಎದಿ ಒಡದೀತಲ್ರಿ!"

ನನ್ನ ಹೆಂಡತಿ ಎದ್ದು ಬಂದು ಎಲ್ಲರೆದುರು ಸೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಮಾಸ್ತರಕಿ ಬಿಟ್ರೂ ಮಾಸ್ತರಕಿ ಇವರನ್ನ ಬಿಡವಲ್ದು" ಎಂದಳು. ಜನ ನಕ್ಕರು. ಗೋಡೆಯ ಬುಡ ನೋಡಿದೆ. ಸುಣ್ಣ ಹಚ್ಚಿದ ಒಣಗೋಡೆ. ಕೊನೆಗೆ ಬಸವರಾಜನ ಕಾಕಾನ ಮಗಳನ್ನು ಸೋದರತ್ತೆಯ ಜಾಗದಲ್ಲಿ ಕೂಡಿಸಿ ಹೆಸರಿಟ್ಟರು. ನನಗೆ ಮುಖ ಎತ್ತುವುದಾಗಲಿಲ್ಲ. ಊಟಕ್ಕೂ ನಿಲ್ಲದೆ ಹೊರಡಬೇಕೆಂದಿದ್ದೆ. ಹೋದರೆ ಇನ್ನೂ ಅಪಮಾನವೆಂದು ಹೆಂಡತಿ ಕೂಡಿಸಿದಳು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬಸವರಾಜನ ಫೋನು ಬಂತು. ಪವಿತ್ರಾ. ಅವನು ಬೈಯಲು ಬಾಯಿ ತೆಗೆದ; ಆದರೆ ಅವಳ ಮಾತು ಕೇಳಿ ನನ್ನ ಕಡೆ ನೋಡಿದ. "ಸರ್‌ಗೆ ಕೊಡು ಅನ್ನಾಕತ್ತಾಳ್ರಿ" ಎಂದ.

ನಾನು ಫೋನು ಕಿವಿಗೆ ಹಿಡಿದೆ. ಅವಳು ನಮಸ್ಕಾರವೆನ್ನಲಿಲ್ಲ.

"ಸರ್, ಯಾಕ ಊದಿದ್ರಿ?"

ನಾನು ಫೋನು ಹಿಡಿದು ಪಡಸಾಲೆಯಿಂದ ಹೊರಗೆ ಬಂದೆ. "ಯಾಕ ಊದಿದ್ರಿ ಸರ್? ಎಸ್ತೆರ್ ಹಿಂದ ಇದ್ಲಲ್ರಿ" ಎಂದಳು. ಆಮೇಲೆ ಅಳು. ಆಮೇಲೆ ಬೇರೆ ಯಾರೋ ಹೆಂಗಸು ಆ ದೇಶದ ಭಾಷೆಯಲ್ಲಿ ಏನೋ ಹೇಳಿ ಫೋನು ಇಟ್ಟರು.

ನಡೆದದ್ದನ್ನು ಅವಳು ಆ ವಾರದಲ್ಲಿ ಚೂರುಚೂರಾಗಿ ಅಣ್ಣನಿಗೆ ಹೇಳಿದಳು. ಅವನು ನನಗೆ ಹೇಳಿದ. ನದಿಯ ದಂಡೆಯಲ್ಲಿ ಮರಳಿನ ದಿಬ್ಬವಿತ್ತು. ಎದೆಮಟ್ಟದ ನೀರು. ಮನೆಗೆ ಫೋನು ಮಾಡುವ ಮುಂಚೆ ಒಮ್ಮೆ ಇಳಿದು ಬರೋಣವೆಂದು ಇಬ್ಬರೂ ಇಳಿದಿದ್ದರು. ಎಸ್ತೆರ್ ಅಂದು ಮೊದಲ ಸಲ ಯಾರ ಕೈ ಹಿಡಿಯದೆ ಹತ್ತು ಮಾರು ಈಜಿದಳು. ಆ ಖುಷಿಯಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಆಗ ಸೀಟಿ ಕೇಳಿತು. ಅರಿವೆ ಸೀಳಿದಂತೆ ಮೊದಲು, ಆಮೇಲೆ ಒಂದೇ ಎಳೆ. ಪವಿತ್ರಾ ಯೋಚಿಸಲಿಲ್ಲ. ಕಾರಣ ಕೇಳಲಿಲ್ಲ, ಗೆಳತಿಯನ್ನು ಕೂಗಲಿಲ್ಲ, ಹಿಂದಿರುಗಿ ನೋಡಲಿಲ್ಲ. ನಾನು ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದಳು. ದಂಡೆಯ ಮೇಲೆ ಕಾಲೂರಿ, ತಾನು ಎಲ್ಲಿದ್ದೇನೆಂಬುದು ನೆನಪಾಗಿ, ತಿರುಗಿದಳು. ಸರಕು ಹೇರಿದ ದೊಡ್ಡ ಹಡಗೊಂದು ನಡುನದಿಯಲ್ಲಿ ಹಾದುಹೋಗುತ್ತಿತ್ತು. ಅಂಥ ಹಡಗು ಹೋಗುವಾಗ ದಂಡೆಯ ನೀರು ಮೊದಲು ಹಿಂದಕ್ಕೆ ಎಳೆದುಕೊಳ್ಳುತ್ತದಂತೆ, ಆಮೇಲೆ ತಿರುಗಿ ಹೊಡೆಯುತ್ತದಂತೆ. ದಿಬ್ಬ ಬರಿದಾಗಿ ಹೊಳೆಯುತ್ತಿತ್ತು. ಎಸ್ತೆರ್ ಅದರಾಚೆ, ಕಾಲಿಗೆ ನೆಲ ಸಿಗದ ಕಡೆ, ಕೈ ಎತ್ತಿದ್ದಳು. ಪವಿತ್ರಾ ಮತ್ತೆ ನೀರಿಗೆ ಬಿದ್ದಳು. ಮೂರು ಸಲ ಮುಳುಗಿ ಹುಡುಕಿದಳು. ಎಸ್ತೆರಳನ್ನು ಎತ್ತಿದಾಗ ಜೀವವಿರಲಿಲ್ಲ.

ಸಹಾಯಕ್ಕೆಂದು ಪವಿತ್ರಾ ಮಾಡಿದ ಫೋನಿನ ಹೊತ್ತು ಹನ್ನೊಂದು ಇಪ್ಪತ್ತು. ನಮ್ಮ ಲೆಕ್ಕದಲ್ಲಿ ಎರಡು ಐವತ್ತು.

ನಾನು ಶಿಸ್ತಿನ ಮನುಷ್ಯ. ಮೊದಲು ಎಲ್ಲ ಸುಲಭದ ಕಾರಣಗಳನ್ನು ಹುಡುಕಿದೆ. ನನ್ನ ಸೀಟಿಯ ಸುದ್ದಿಯನ್ನು ಅವಳಿಗೆ ಯಾರಾದರೂ ತಿಳಿಸಿದ್ದರೇ ಎಂದು ಆ ದಿನ ಬಂದಿದ್ದ ಒಬ್ಬೊಬ್ಬರನ್ನೂ ಕೇಳಿದೆ; ಅವರ ಫೋನುಗಳನ್ನು ಇಸಿದುಕೊಂಡು ನೋಡಿದೆ. ಇಲ್ಲ. ಕಾರ್ಯದ ವಿಡಿಯೋ ತೆಗೆದ ಹುಡುಗಿ ಅದನ್ನು ಎಲ್ಲರಿಗೆ ಕಳಿಸಿದ್ದು ಸಂಜೆ ಏಳರ ನಂತರ. ನದಿಯ ದಂಡೆಯಲ್ಲಿ ಕಾವಲಿನವರು ಊದಿರಬಹುದೇ? ಅಲ್ಲಿ ಕಾವಲಿನವರಿರಲಿಲ್ಲ. ಹಡಗು ಕೂಗಿರಬಹುದೇ? ಬಸವರಾಜನ ಮೂಲಕ ಕೇಳಿಸಿದೆ. "ಹಡಗಿನ ಕೂಗು ಹೊಟ್ಟ್ಯಾಗಿಂದ ಬರತೈತಿ, ಅದು ಸರ್ ಸೀಟಿ" ಎಂದಳಂತೆ. ಹೆದರಿದ ಮನಸ್ಸು ಆಮೇಲೆ ಕಟ್ಟಿಕೊಂಡ ನೆನಪೇ? ಇರಬಹುದು. ಆದರೆ ನಾನು ಅದೇ ಹೊತ್ತಿಗೆ ಊದಿದ್ದು ಕಟ್ಟಿಕೊಂಡದ್ದಲ್ಲ. ಮೂವತ್ತು ಜನ ಕೇಳಿದ್ದಾರೆ. ಹಸಿ ಗೆರೆಯ ಮಾತನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಿಲ್ಲ. ಇಲ್ಲಿಯೇ ಮೊದಲು ಬರೆಯುತ್ತಿದ್ದೇನೆ.

ಊರಿಗೆ ಈ ಕಷ್ಟ ಇರಲಿಲ್ಲ. ಊರು ಎರಡೇ ದಿನದಲ್ಲಿ ತೀರ್ಮಾನಕ್ಕೆ ಬಂತು: ಸರ್ ಬಾಯಿಂದ ದೇವರೇ ಊದಿದ, ಹುಡುಗಿ ಉಳಿದಳು. ಎಲ್ಲರೆದುರು ನನ್ನನ್ನು ಬೈದ ನೀಲವ್ವ ತೆಂಗಿನಕಾಯಿ ಹಿಡಿದು ಬಂದು ಕಾಲಿಗೆ ಬಿದ್ದಳು. ಸೀಟಿಯನ್ನು ಕೊಡಿರಿ, ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚುತ್ತೇನೆ ಎಂದಳು. ಆ ವಿಡಿಯೋ ಹಳ್ಳಿಯಿಂದ ಹಳ್ಳಿಗೆ ಹೋಯಿತು. ಅಣ್ಣಿಗೇರಿ ಕಡೆಯಿಂದ ಪರಿಚಯವಿಲ್ಲದವರೊಬ್ಬರು ಬಂದು, ಬೋರ್‌ವೆಲ್ ಕೊರೆಸಲು ಜಾಗ ತೋರಿಸುತ್ತೀರೇನು ಎಂದು ಕೇಳಿದರು. ನಾನು ಬಾಗಿಲು ಹಾಕಿಕೊಂಡೆ. ನನಗೆ ನುಂಗಲಾಗದ್ದು ಒಂದೇ. ಇಷ್ಟು ಜನರಲ್ಲಿ ಒಬ್ಬರೂ ಎಸ್ತೆರಳ ಹೆಸರೆತ್ತಲಿಲ್ಲ. ಎತ್ತಿದರೂ, "ಆ ಹುಡುಗಿ ನಸೀಬ ಅಷ್ಟ ಇತ್ತರಿ" ಎಂದು ಎಲೆಯ ತೊಟ್ಟು ಮುರಿದಂತೆ ಮುರಿದು ಒಗೆದರು. ನೀಲವ್ವನಿಗೆ ಒಮ್ಮೆ ಹೇಳಿಯೇಬಿಟ್ಟೆ: "ಆಕಿಗೂ ಒಬ್ಬ ಅವ್ವ ಅದಾಳ ಬೇ. ಆ ಅವ್ವನ ಮುಂದ ಈ ಕಾಯಿ ಒಡೀತೀಯೇನು?" ಅವಳು ಕಣ್ಣೀರು ಹಾಕಿ ಹೋದಳು. ಆಮೇಲೆ ನನಗೂ ಅಷ್ಟು ಹೇಳಬಾರದಿತ್ತು ಅನಿಸಿತು.

ಪವಿತ್ರಾಳಿಂದ ರವಿವಾರದ ವರದಿ ನಿಂತಿತು. ನಾನು ಕಳಿಸಿದ ಮಾತಿಗೆ ಉತ್ತರವಿಲ್ಲ. ಅವಳು ಸ್ಪರ್ಧೆಗೆ ಹೋಗಲಿಲ್ಲ, ತಂಡ ಬಿಟ್ಟಳು, ಓದನ್ನು ಹೇಗೋ ಮುಗಿಸುತ್ತಿದ್ದಳು. ಟ್ರಾಮು ಹಿಡಿಯದೆ ನಡೆದು ಹೋಗುತ್ತಾಳೆ, ರೈಲು ಹತ್ತುವುದಿಲ್ಲ, ಶನಿವಾರ ಕೋಣೆಯಲ್ಲೇ ಇರುತ್ತಾಳೆ ಎಂದು ಬಸವರಾಜ ಹೇಳುತ್ತಿದ್ದ. ಸ್ನಾನಕ್ಕೂ ಚೊಂಬು ಹಿಡಿದೇ ನೀರು ಹಾಕಿಕೊಳ್ಳುತ್ತಾಳಂತೆ. ತಲೆಯ ಮೇಲೆ ನೀರು ಸುರಿದರೆ ಉಸಿರು ಕಟ್ಟುತ್ತದಂತೆ. ನನ್ನ ಕೈಯಲ್ಲಿ ಕಲಿತವರಲ್ಲಿ ನೀರನ್ನು ಅಷ್ಟು ಹಚ್ಚಿಕೊಂಡವರು ಇನ್ನೊಬ್ಬರಿಲ್ಲ. ಅವಳು ಮತ್ತೆ ನೀರಿಗೆ ಇಳಿಯುತ್ತಾಳೋ ಇಲ್ಲವೋ ಎಂಬ ಒಂದೇ ಚಿಂತೆ ನನಗೆ ವರ್ಷವಿಡೀ ಉಳಿಯಿತು. ವೇಳಾಪತ್ರಿಕೆ ಹಾಕಿ ಸರಿಪಡಿಸುವ ಚಿಂತೆ ಅದಾಗಿರಲಿಲ್ಲ.

ಮುಂದಿನ ವರ್ಷ ಅವಳು ಮೂರು ವಾರಕ್ಕೆ ಊರಿಗೆ ಬಂದಳು. ಬಂದು ಹದಿನಾರು ದಿನವಾದರೂ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನಡುವೆ ಒಂದೇ ಗೋಡೆ. ಹದಿನೇಳನೆಯ ದಿನ ಮುಂಜಾನೆ ಎಂಟೂವರೆಗೆ, ನಾನು ರೊಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದಾಗ, ಬಂದು ಬಾಗಿಲಲ್ಲಿ ನಿಂತಳು. ಕೂದಲು ಉದ್ದ ಬಿಟ್ಟಿದ್ದಳು. ಭುಜ ಇಳಿದಿದ್ದವು. ನನ್ನ ಹೆಂಡತಿ ಚಹಾ ಇಡುತ್ತೇನೆಂದು ಒಳಗೆ ಹೋದಳು.

"ಎಸ್ತೆರ್ ಅವ್ವನ್ನ ಭೇಟಿ ಆಗಿದ್ದೆ ಸರ್" ಎಂದಳು. ಕುಳಿತುಕೊಳ್ಳಲಿಲ್ಲ. "ನೀ ಅಷ್ಟ ಚಲೋ ಈಜತಿ, ನೀ ಹೆಂಗ ದಂಡಿಗಿ ಬಂದಿ, ಆಕಿ ಹೆಂಗ ಉಳದ್ಲು ಅಂತ ಕೇಳಿದ್ರು. ನಾ ಏನಂತ ಹೇಳ್ಲಿ? ನಮ್ಮೂರಾಗ ಒಬ್ಬರು ಸೀಟಿ ಊದಿದ್ರು, ಅದಕ್ಕ ಬಂದೆ ಅಂತ ಹೇಳ್ಲೇನ್ರಿ?"

"ಏನ ಹೇಳಿದಿ?"

"ಏನೂ ಹೇಳ್ಲಿಲ್ಲ. ಅವರು ಬಾಗಲಾ ಹಾಕ್ಕೊಂಡ್ರು."

ನಾನು ಕೈ ಒರೆಸಿಕೊಂಡೆ. ಹೇಳಬೇಕಾದ ಮಾತನ್ನು ಹೇಳಿದೆ. ನಿಯಮದಲ್ಲಿ ತಪ್ಪಿತ್ತು, ಅದು ಕಲಿಯುವವರಿಗೆ ಮಾಡಿದ ನಿಯಮ, ನೀನು ಕಲಿಸುವವಳಾದಾಗ ಅದು ನಿನಗೆ ಸಲ್ಲದು ಎಂದು ನಾನು ನಿನಗೆ ಹೇಳಿಕೊಟ್ಟಿರಲಿಲ್ಲ, ಆ ತಪ್ಪು ನನ್ನದು ಎಂದೆ. ಅವಳು ಪೂರ್ತಿ ಕೇಳಿದಳು. ಆದರೆ ಅವಳು ಬಂದದ್ದು ಅದಕ್ಕಲ್ಲ.

"ವಿಡಿಯೋ ನೋಡೀನ್ರಿ. ಹತ್ತ ಸಲಾ ನೋಡೀನಿ. ತೊಟ್ಟಲಾ ಕಾಣತೈತಿ, ಅವ್ವ ಕಾಣತಾಳ. ನಿಮ್ಮ ಮುಖಾ ಕಾಣಂಗಿಲ್ಲ, ಬರೇ ಸೀಟಿ ಕೇಳತೈತಿ." ಗೋಡೆಯಾಚೆ ತನ್ನ ಮನೆಯ ಕಡೆ ನೋಡಿದಳು. "ನಾ ಹೊತ್ತಿಗಿ ಫೋನ್ ಮಾಡ್ಲಿಲ್ಲಂತ ಸಿಟ್ಟಾಗಿದ್ರಿ?"

"ಆಗಿದ್ದೆ."

"ಆ ಸಿಟ್ಟಿಲೇ ಊದಿದ್ರೇನು?"

ನಾನು ಕೈ ಒರೆಸಿದ ಅರಿವೆಯನ್ನು ಗೂಟಕ್ಕೆ ಹಾಕಿದೆ.

"ಹೂಂ ಅನ್ರಿ ಸರ್. ಸಿಟ್ಟಿಲೇ ಊದಿದ್ರಂದ್ರ ಅದು ಒಬ್ಬ ಮನಷ್ಯಾನ ಕೆಟ್ಟ ಚಟ. ಹೆಂಗೋ ನನಗ ಕೇಳ್ತು, ನಾ ಹುಚ್ಚಿಯಂಗ ಬಂದೆ. ಅದನ್ನ ನಾ ತಡ್ಕೋತೀನಿ. ಹಂಗಲ್ಲ, ಅಲ್ಲಿ ಆಗೂದು ನಿಮಗ ಮೊದಲ ಗೊತ್ತಾತು, ಗೊತ್ತಾಗಿ ಊದಿದ್ರಿ, ಅದು ನನಗಷ್ಟ ಕೇಳ್ತು, ಆಕಿಗಿ ಕೇಳ್ಲಿಲ್ಲ ಅಂದ್ರ..." ಬಾಗಿಲ ಚೌಕಟ್ಟು ಹಿಡಿದಳು. "ಯಾರೋ ಕುಂತು ಇಬ್ಬರೊಳಗ ಒಬ್ಬಾಕಿನ್ನ ಆರಿಸಿದ್ರು ಅಂತಾತಲ್ರಿ. ಅದನ್ನ ಹೊತ್ಕೊಂಡು ನಾ ಬದುಕಾಕ ಆಗೂದಿಲ್ಲ."

ಒಳಗೆ ಚಹಾ ಉಕ್ಕಿದ ವಾಸನೆ ಬಂತು. ನನ್ನ ಜೀವಮಾನದಲ್ಲಿ ವಿದ್ಯಾರ್ಥಿಗಳೆದುರು ಸುಳ್ಳು ಹೇಳಿದವನಲ್ಲ ನಾನು. ಒಂದು ಸೆಕೆಂಡಿನ ಹತ್ತನೆಯ ಭಾಗವನ್ನೂ ಹೆಚ್ಚು ಕಡಿಮೆ ಮಾಡಿ ಹೇಳಿದವನಲ್ಲ.

"ಸಿಟ್ಟಿಲೇ ಊದಿದೆ" ಎಂದೆ.

"ನಿಮ್ಮ ಆ ಸಿಟ್ಟಿಗೆ ಎಸ್ತೆರ್ ಹೋದ್ಲು ನೋಡ್ರಿ" ಎಂದಳು. ಕೂಗಲಿಲ್ಲ. "ಇನ್ನ ಮುಂದ ನನ್ನ ಜೋಡಿ ಮಾತಾಡಬ್ಯಾಡ್ರಿ. ಫೋನೂ ಮಾಡಬ್ಯಾಡ್ರಿ." ಚಹಾ ಬರುವಷ್ಟರಲ್ಲಿ ಹೋಗಿದ್ದಳು. ಹೆಂಡತಿ ಎರಡು ಕಪ್ಪು ಹಿಡಿದು ನಡುಮನೆಯಲ್ಲಿ ನಿಂತು, "ಏನಂದ್ರಿ ಆ ಹುಡಿಗಿಗೆ?" ಎಂದಳು. ನಾನು ಅವಳ ಕೈಯಿಂದ ಒಂದು ಕಪ್ಪು ತೆಗೆದುಕೊಂಡೆ.

ಅಂದಿನಿಂದ ಮೂರು ವರ್ಷವಾಗಿದೆ. ಹೇಳಿ ಹೋದ ಹಾಗೆಯೇ ಅವಳು ನನ್ನೊಡನೆ ಮಾತಾಡಿಲ್ಲ. ಕಳೆದ ಚಳಿಗಾಲದಲ್ಲಿ ಬಸವರಾಜ ಹೊಲಕ್ಕೆ ಹೋಗುವ ದಾರಿಯಲ್ಲಿ ನಿಂತು, ಪವಿತ್ರಾ ಮತ್ತೆ ಈಜುತ್ತಿದ್ದಾಳೆ, ಅಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ ಎಂದು ಹೇಳಿದ. "ಸರ್‌ಗೆ ಹೇಳಬ್ಯಾಡ ಅಂದಾಳ್ರಿ, ಆದ್ರೂ ಹೇಳಿದೆ" ಎಂದ. ಒಳ್ಳೆಯದಾಯಿತು ಎಂದು ಹೇಳಿ ನಾನು ಮುಂದೆ ನಡೆದೆ.

ಓದುಗರು ಕೇಳಬಹುದು: ನೀವು ಹೇಳಿದ್ದು ಸುಳ್ಳೇ? ನಾನೂ ಅದನ್ನೇ ಕೇಳಿಕೊಳ್ಳುತ್ತೇನೆ. ಸಿಟ್ಟಿನಲ್ಲಿದ್ದದ್ದು ನಿಜ. ಊದಿದ್ದು ನಿಜ. ಆ ಎರಡರ ನಡುವೆ ಏನಾಯಿತೆಂದು 'ನನಗೆ ಗೊತ್ತಿಲ್ಲ' ಎಂಬುದೊಂದೇ ಸತ್ಯವಾದ ಉತ್ತರವಾಗಿತ್ತು. ಅದನ್ನು ಅವಳಿಗೆ ಕೊಡಲಿಲ್ಲ. ಅವಳು ನನ್ನನ್ನು ದ್ವೇಷಿಸಿ ನೀರಿಗೆ ಇಳಿದಳು. ನಾನು ಅಂದು ಅವಳಿಗೆ ಸುಳ್ಳು ಹೇಳಿದೆನೋ, ತಿಳಿಯದೆಯೇ ನಿಜ ಹೇಳಿದೆನೋ, ನನಗೆ ಇಂದಿಗೂ ಗೊತ್ತಿಲ್ಲ.